ತೆಂಗಿನೆಣ್ಣೆಯ ರೈಫಲ್

ನವೆಂಬರ್ ೯, ಭಾನುವಾರ

ಇವತ್ತೂ ಶೂಟಿಂಗ್ ಕ್ಲಬ್‌ನ ರೈಫಲ್‌ಗೆ ಕ್ಯೂ. ಸಿಕ್ಕಿದ್ದು ಹತ್ತೇ ಗುಂಡು. ಜನವರಿಯಲ್ಲಿ ಟೀಮ್ ಸೆಲೆಕ್ಷನ್ — ಸ್ವಂತ ರೈಫಲ್ ಇಲ್ಲದೆ ಆಗದು. ಲೈಸೆನ್ಸ್ ಬಂದಿದೆ. ಹೊಸದು ಕೈಗೆಟುಕದು. ಹಳೆಯದು ಕೊಂಡು ಅದು ಹಾಳಾಗಿದ್ದರೆ? ಬದಲಾಯಿಸಲು ಲೈಸೆನ್ಸ್ ಆಫೀಸಿಗೆ ಅಲೆಯುವಷ್ಟರಲ್ಲಿ ಜನವರಿ ಮುಗಿದಿರುತ್ತದೆ.

ಬೈಕಂಪಾಡಿಯಲ್ಲಿ ಒಂದು ನೋಡಿದೆ. ಬ್ಯಾರೆಲ್ ಒಳಗೆ ಕನ್ನಡಿಯ ಹೊಳಪು. ನಾನು ಕುಣಿಯುವುದೊಂದು ಬಾಕಿ. ಕೋಚ್ ಮುಖೇಶ್ ಸರ್ ಬಟ್ಟೆ ತುಂಡು ತೂರಿಸಿ ಎಳೆದರು. ಹೊಳಪೆಲ್ಲ ಬಟ್ಟೆಗೆ ಬಂತು. ಒಳಗೆ ತುಕ್ಕು ತಿಂದ ಗುಳಿಗಳು.

"ಎಣ್ಣೆ ಹಾಕಿದ್ರೆ ಎಲ್ಲದೂ ಹೊಳೀತದೆ ಯಶ್ಮಿತಾ. ಒರೆಸಿ ನೋಡ್ಬೇಕು ಮಾರಾಯ್ತಿ."

ಸಿಟ್ಟು ಬಂತು. ಅವರು ಹೇಳಿದ್ದೇ ಸರಿ, ಅದಕ್ಕೇ ಇನ್ನಷ್ಟು ಸಿಟ್ಟು.

ನವೆಂಬರ್ ೧೬, ಭಾನುವಾರ

ಬಜಪೆ. ಮಾರಲು ರೈಫಲ್ ಇದೆ ಎಂದ ದೇಯಿ ಅಕ್ಕನ ಮನೆ. ಗಂಡ ತೀರಿಕೊಂಡ ಮೇಲೆ ರೈಫಲ್ ಅವರ ಹೆಸರಿನಲ್ಲಿದೆ. ಬೇಟೆಗೆ ಅಡ್ಡಿಯಿಲ್ಲದ ಕಾಲದಲ್ಲಿ ಅವರ ಮಾವ ಮೊಲ ಹೊಡೆಯಲು ತಂದದ್ದಂತೆ. ಬೋಲ್ಟ್ ತೆಗೆದು ಬ್ಯಾರೆಲ್ ಅನ್ನು ಬೆಳಕಿಗೆ ಹಿಡಿದೆ. ಕತ್ತಲೆ. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳ ಸುಳಿವೇ ಇಲ್ಲ.

"ಎಂತ ಹಾಕಿದ್ದೀರಿ ಅಕ್ಕ ಇದಕ್ಕೆ?"

"ತೆಂಗಿನೆಣ್ಣೆ. ಪ್ರತಿ ಆಯುಧಪೂಜೆಗೆ. ನಮ್ಮವರು ಸ್ವಲ್ಪ ಹಾಕ್ತಿದ್ರು. ನಾನು ಸಮಾ ಹೊಯ್ತೇನೆ. ಕಮ್ಮಿ ಆಗ್ಬಾರ್ದಲ್ಲ?"

ಆಮೇಲೆ ಒರೆಸಬೇಕೆಂದು ಪಾಪ, ಯಾರೂ ಹೇಳಿಲ್ಲ. ಎಣ್ಣೆ, ಧೂಳು, ಗಂಧ ಸೇರಿ ಗಟ್ಟಿ ಮೇಣ. "ಬಿಡು, ಹೋಗುವ" ಎಂದರು ಸರ್. ನನಗೆ ಬಿಡಲು ಮನಸ್ಸಿಲ್ಲ. ಬ್ಯಾರೆಲ್‌ನ ಬಾಯಂಚಿಗೆ ಹತ್ತಿ ಸವರಿದೆ — ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಅಂಚು ಚೆನ್ನಾಗಿದೆ! ತೊಳೆದೇ ನೋಡುವುದೆಂದು ಹಠ ಹಿಡಿದೆ.

ಸೀಮೆಎಣ್ಣೆ, ಬ್ರಷ್, ಬಟ್ಟೆ. ಕಪ್ಪು ಬಂತು, ಮತ್ತೂ ಕಪ್ಪು, ಆಮೇಲೆ ಕಂದು... ಕೊನೆಗೆ ಬಟ್ಟೆ ಬಿಳಿಯಾಗಿಯೇ ಹೊರಬಂತು. ಕಣ್ಣಿಟ್ಟೆ. ಗೆರೆಗಳು! ಚೂಪಾಗಿ, ಸುತ್ತಿಕೊಂಡು, ಈ ತುದಿಯಿಂದ ಆ ತುದಿವರೆಗೆ. ಗುಳಿ ಒಂದೂ ಇಲ್ಲ. ಮೇಣ ತುಂಬಿದ್ದರಿಂದ ಉಪ್ಪುಗಾಳಿಗೆ ಒಳಗೆ ನುಗ್ಗಲು ಜಾಗವೇ ಇರಲಿಲ್ಲ. ಖುಷಿಗೆ ಅಕ್ಕನನ್ನು ಅಪ್ಪಿಕೊಂಡೆ. ಅವರ ಸೀರೆಗೆಲ್ಲ ಮಸಿ.

ಸರ್ ಮಾತ್ರ ಗೊಣಗಿದರು. "ಹೊಡೆದು ನೋಡದೆ ಹೌದು ಅನ್ಬೇಡ."

ನವೆಂಬರ್ ೩೦, ಸಂಜೆ

ಲೈಸೆನ್ಸ್ ಅವರದಾದ್ದರಿಂದ ದೇಯಿ ಅಕ್ಕನೇ ರೈಫಲ್ ಜೊತೆ ರೇಂಜ್‌ಗೆ ಬಂದರು. ಐದು ಗುಂಡು ಹೊಡೆದೆ. ಐದೂ ಒಂದು ನಾಣ್ಯದಗಲದೊಳಗೆ. ಸರ್ ಟಾರ್ಗೆಟ್ ಮಡಚಿ ಜೇಬಿಗಿಟ್ಟುಕೊಂಡರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಅಷ್ಟರಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಇಷ್ಟು ವರ್ಷ ಇದನ್ನು ಸಾಕಿದ್ದು ನಾನು. ಒಂದು ಗುಂಡೂ ಹೊಡೆದದ್ದಿಲ್ಲ. ಒಮ್ಮೆ ಕೊಡು ನೋಡುವ."

ಹೇಳಿಕೊಟ್ಟೆ. ಚಾಪೆಯ ಮೇಲೆ ಮಲಗಿ ಹೊಡೆದರು. ಪೇಪರಿಗೆ ತಾಗಿತು! ಎದ್ದು ಕೂತವರ ಮುಖ ಅರಳಿತ್ತು. ಮಾರುವ ಮನಸ್ಸು ಹೋಯಿತೋ ಏನೋ...

"ಕೊಡ್ತೇನೆ ಮಗಾ. ನಾಳೆಯೇ ಆಫೀಸಿಗೆ ಹೋಗುವ, ನಿನ್ನ ಹೆಸರಿಗೆ ಮಾಡಿಸುವ."

ಹೋದ ಜೀವ ಬಂತು.

"ಆದ್ರೆ ಇನ್ನೊಂದು ಗುಂಡು ಉಂಟಾ?"

ಸರ್ ಗುಂಡಿನ ಪೆಟ್ಟಿಗೆಯನ್ನೇ ಅವರ ಮುಂದೆ ತಳ್ಳಿದರು. ಅಕ್ಕ ಕನ್ನಡಕ ಒರೆಸಿ ಮತ್ತೆ ಮಲಗಿದರು. ಈ ಸಲ ಉಸಿರು ಹಿಡಿದು, ನಿಧಾನವಾಗಿ, ನಾನು ಹೇಳಿಕೊಟ್ಟ ಹಾಗೆಯೇ ಟ್ರಿಗರ್ ಒತ್ತಿದರು.