ಎರಡನೆಯ ಸಲ ಕೇಳದ ಕಾಲದಿಂದ

ಗಾಳಿಗುಡ್ಡದ ಕೆಳಓಣಿ, ಗದಗ
ಉರಿ ತಿಂಗಳ ಎರಡನೆಯ ಸೋಮವಾರ, ೨೧೬೧

ಫಕೀರವ್ವನಿಗೆ,

ನಿನ್ನ ಮನೆಯ ಕ್ಯಾಲೆಂಡರಿನಲ್ಲಿ ಉರಿ ಎಂಬ ತಿಂಗಳನ್ನು ಹುಡುಕಬೇಡ, ಸಿಗುವುದಿಲ್ಲ. ಬೇಸಗೆ ತೀರಾ ಬೆಳೆದುಬಿಟ್ಟ ಮೇಲೆ ನಮ್ಮವರು ಉಳಿದ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು ಅದಕ್ಕೊಂದು ಹದಿಮೂರನೆಯ ತಿಂಗಳನ್ನು ಮಾಡಿಕೊಟ್ಟರು. ಈ ಕಾಗದದಲ್ಲಿ ಇಂಥ ಪದಗಳು ಇನ್ನೂ ಬರುತ್ತವೆ. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಆದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು, ಒಂದು ಕಡೆ ಕೂರಲು ನನ್ನಿಂದ ಆಗುವುದಿಲ್ಲ. ಚೆಂದ ಮಾಡಿ ಬರೆಯಲು ಬರದು. ಇದ್ದದ್ದನ್ನು ಬರೆಯುತ್ತೇನೆ.

ನನ್ನ ಹೆಸರು ಗಿರಿಜೆ. ನನ್ನ ಅಪ್ಪನ ತಾಯಿ ಹಾಲವ್ವ. ಆಕೆಯ ಮುತ್ತಜ್ಜಿಯ ತಾಯಿ ನೀನು. ಕಾಲದಲ್ಲಿ ಹಿಂದಕ್ಕೆ ಕಾಗದ ಕಳಿಸುವುದನ್ನು ಇಲ್ಲಿ ಹಿಂದಂಚೆ ಎನ್ನುತ್ತಾರೆ. ಹಾಕಿದ ಕಾಗದ ಮುಟ್ಟಿತೋ ಇಲ್ಲವೋ ಇಲ್ಲಿಯವರೆಗೆ ಯಾರಿಗೂ ತಿಳಿದಿಲ್ಲ. ಬೇರೆ ದಾರಿ ಉಳಿಯದವರು ಹಾಕುತ್ತಾರೆ. ನನಗೂ ಬೇರೆ ದಾರಿ ಉಳಿದಿಲ್ಲ.

ನಮ್ಮ ಮನೆಗಳು ಅರ್ಧ ನೆಲದೊಳಗೆ ಇವೆ. ಬಿಸಿಲೇರಿದ ಮೇಲೆ ಓಣಿಯ ಹೆಂಗಸರೆಲ್ಲ ತಂಪುಗುಣಿಗೆ ಇಳಿಯುತ್ತಾರೆ. ಅದು ಭಾವಿಯಂತೆ ಆಳಕ್ಕೆ ತೋಡಿದ, ಓಣಿಗೆಲ್ಲ ಸೇರಿದ ಒಂದು ಕೋಣೆ. ಅಲ್ಲಿ ನವಣೆ ಹಸನು ಮಾಡುತ್ತ, ಸೊಸೆಯಂದಿರನ್ನು ಆಡಿಕೊಳ್ಳುತ್ತ ಕೂರುತ್ತಾರೆ. ವಯಸ್ಸಾದ ಎಲ್ಲರ ಕೈಯಲ್ಲೂ ನಾಡಿಬಳೆ ಇರುತ್ತದೆ. ಹೆಣ್ಣಿಗೆ ಮುಟ್ಟು ನಿಂತ ವರ್ಷ ಓಣಿಯವರು ಸೇರಿ ಉಡಿ ತುಂಬಿ ಆ ಬಳೆ ತೊಡಿಸುತ್ತಾರೆ. ಎಲುಬು ಎಷ್ಟು ಸವೆದಿದೆ, ರಕ್ತದಲ್ಲಿ ಏನು ಕಡಿಮೆಯಾಗಿದೆ, ಎಲ್ಲಿ ಗಂಟು ಕಟ್ಟುತ್ತಿದೆ ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ. ಆದರೆ ಬಳೆಗೆ ತಿಳಿದ ಮಾತ್ರಕ್ಕೆ ಔಷಧ ಬರುವುದಿಲ್ಲ. ಬಳೆ ತೊಟ್ಟವಳು ಬೇಕು ಎಂದು ತನ್ನ ಬಾಯಿಂದಲೇ ಹೇಳಬೇಕು.

ಈ ಕಾಯ್ದೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಿಂದೆ ಹೆಂಗಸಿನ ಮೈಗೆ ಏನು ಮಾಡಬೇಕೆಂಬುದನ್ನು ಗಂಡ, ಮಗ, ಡಾಕ್ಟರು ಸೇರಿ ತೀರ್ಮಾನಿಸುತ್ತಿದ್ದರಂತೆ, ಅವಳಿಗೆ ಕಡೆಯಲ್ಲಿ ತಿಳಿಯುತ್ತಿತ್ತಂತೆ. ಅದು ಮತ್ತೆ ಆಗಬಾರದೆಂದು ಇದನ್ನು ತಂದರು. ವರ್ಷಕ್ಕೊಮ್ಮೆ ಕೇಳುವಕ್ಕ ಮನೆಗೆ ಬರುತ್ತಾಳೆ. ಬಳೆ ಹೇಳಿದ್ದನ್ನು ತಿಳಿಸಿ, ಇರುವ ಆರೈಕೆಗಳನ್ನು ವಿವರಿಸಿ, ಬೇಕೇ ಎಂದು ಕೇಳುತ್ತಾಳೆ. ಒಂದೇ ಸಲ. ಎರಡನೆಯ ಸಲ ಕೇಳಿದರೆ ಅದು ಒತ್ತಾಯ. ಮನೆಯವರು ಒತ್ತಾಯಿಸಿದರೂ ಬಳೆಗೆ ಕೇಳಿಸುತ್ತದೆ. ಆಮೇಲೆ ಅವಳು ಬೇಕೆಂದರೂ ಅದು ಅವಳ ಮಾತಲ್ಲವೆಂದು ತಳ್ಳಿಹಾಕುತ್ತಾರೆ.

ಕಾಯ್ದೆ ಬರೆದವರು ನಮ್ಮ ಮನೆಯಲ್ಲಿ ಒಂದು ಹೊತ್ತು ಉಂಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ನಮ್ಮಲ್ಲಿ ಊಟಕ್ಕೆ ಕೂತವರ ಮೊದಲನೆಯ "ಬ್ಯಾಡ" ಯಾರ ಕಿವಿಗೂ ಬೀಳುವುದಿಲ್ಲ. ಎರಡನೆಯದಕ್ಕೆ ಬಡಿಸುವವರು ನಗುತ್ತಾರೆ. ಮೂರನೆಯ ಸಲಕ್ಕೆ ತಾಟಿನ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ ಸಾರು ಹಾಕುತ್ತಾರೆ. ನಿಮ್ಮಲ್ಲೂ ಹೀಗೆಯೇ ಇರಬೇಕು, ಏಕೆಂದರೆ ನಮಗೆ ಇದು ನಿಮ್ಮಿಂದಲೇ ಬಂದದ್ದು.

ಅಜ್ಜಿಗೆ ಮುಟ್ಟು ನಿಂತು ಬಹಳ ವರ್ಷಗಳಾಗಿವೆ. ಈ ಸಲ ಚಳಿಗಾಲದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು. ಬಟ್ಟೆಯನ್ನು ತಾನೇ ಒಗೆದು, ಬೇರೆ ಬಟ್ಟೆಗಳ ಕೆಳಗೆ ಒಣಗಲು ಹಾಕುತ್ತಿದ್ದಳು. ಹರವಿದ ಬಟ್ಟೆ ತೆಗೆಯಲು ಹೋದಾಗ ನಾನು ನೋಡಿದೆ. ಬಳೆ ಅದಕ್ಕಿಂತ ಮೊದಲೇ ನೋಡಿತ್ತು. ಗರ್ಭಕೋಶದಲ್ಲಿ ರೋಗ, ಇನ್ನೂ ಚಿಕ್ಕದು. ನಮ್ಮ ಕಾಲದಲ್ಲಿ ಅದಕ್ಕೆ ಲೇಪಪಟ್ಟಿ ಇದೆ. ಹೊಟ್ಟೆಯ ಮೇಲೆ ಅಂಟಿಸಿಕೊಂಡು ಒಂದು ಋತು ಕಳೆದರೆ ಸಾಕು. ಕೊಯ್ಯುವುದಿಲ್ಲ, ನೋವಿಲ್ಲ. ಆದರೆ ರೋಗ ಬೆಳೆದ ಮೇಲೆ ಪಟ್ಟಿ ನಾಟುವುದಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅದು ಬೆಳೆದಿರುತ್ತದೆ.

ಕೇಳುವಕ್ಕ ಬಂದ ದಿನ ಅಪ್ಪನೂ ಮನೆಯಲ್ಲಿದ್ದ. ಅವಳ ಹೆಸರು ಅನಸೂಯಾ. ಒಳ್ಳೆಯವಳು, ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿಸಿಕೊಂಡಳು. ಪಟ್ಟಿ ಬೇಕೇ ಎಂದು ಕೇಳಿದಾಗ ನಕ್ಕುಬಿಟ್ಟಳು.

"ಬ್ಯಾಡ್ರೀ. ನನಗೇನಾಗೇತಿ, ಗಟ್ಟಿ ಅದೀನಿ."

ಅನಸೂಯಾ ಆ ಮಾತನ್ನು ಹಾಗೆಯೇ ಬರೆದುಕೊಂಡಳು, ಬೇರೇನೂ ಮಾಡಲು ಅವಳಿಗೆ ಅಪ್ಪಣೆಯಿಲ್ಲ. ಆಮೇಲೆ ಎದ್ದು ಹೋದಳು. ಅಪ್ಪ ಅವಳನ್ನು ಓಣಿಯ ತಿರುವಿನವರೆಗೆ ಕಳಿಸಿ ಬಂದ. ಅಜ್ಜಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುವಾಗ, ನಾನೇನೂ ಕೇಳದಿದ್ದರೂ, ತಾನೇ ಹೇಳಿದಳು:

"ಒಮ್ಮೆಲೇ ಹೂಂ ಅಂದ್ರ ಏನ್ ಅನ್ಕೊಂತಾರವ್ವಾ? ಇನ್ನೊಮ್ಮೆ ಕೇಳ್ತಾಳ ಅಂತ ಮಾಡಿದ್ದೆ."

ಅಂದರೆ ಅವಳಿಗೆ ಬೇಕು. ಅದು ನನಗೆ ಗೊತ್ತು, ಅಪ್ಪನಿಗೆ ಗೊತ್ತು, ಬಹುಶಃ ಅನಸೂಯಾಳಿಗೂ ಗೊತ್ತು. ಗೊತ್ತಿದ್ದೂ ಯಾರೂ ಏನೂ ಮಾಡುವಂತಿಲ್ಲ.

ಒಂದು ದಾರಿ ಇದೆ. ಊರಲ್ಲಿ ಹೇಳುವಮನೆ ಎಂದಿದೆ. ಬೇಡವೆಂದವಳು ಯಾವತ್ತು ಬೇಕಾದರೂ ಅಲ್ಲಿಗೆ ಹೋಗಿ ಬೇಕು ಎನ್ನಬಹುದು. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಬಂದವರು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ ಅಷ್ಟೆ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಕಂಬಗಳನ್ನು ಒರೆಸುವ ಕೆಲಸ ನನ್ನದು; ಒಂದು ದಿನ ಅದಕ್ಕೆ ರಜೆ ಹಾಕಿ, ಪೇಟೆಗೆ ಹೋಗೋಣವೆಂದು ಅಜ್ಜಿಯನ್ನು ಹೊರಡಿಸಿದೆ. ಹೇಳುವಮನೆಯ ಮುಂದೆ ನಿಂತಾಗ ಅವಳು ತಾನೇ ಒಳಗೆ ನಡೆದಳು. ಚಪ್ಪಲಿಯನ್ನು ಎಷ್ಟು ಬೇಗ ಬಿಟ್ಟಳೆಂದರೆ, ಎಷ್ಟೋ ದಿನದಿಂದ ಇದಕ್ಕೇ ಕಾಯುತ್ತಿದ್ದಳೆಂದು ನನಗನ್ನಿಸಿತು.

ಆ ದಿನ ಅಲ್ಲಿಯೂ ಅನಸೂಯಾಳೇ ಇದ್ದಳು. ಅಜ್ಜಿ ಅವಳ ಎದುರಿಗೆ ಕೂತು, ಸೊರಗಿದ್ದೀಯಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ವಿಚಾರಿಸಿದಳು. ಮಕ್ಕಳೆಷ್ಟು ಎಂದು ಕೇಳಿದಳು. ಸೆರಗಿನಿಂದ ಶೇಂಗಾ ಉಂಡೆ ತೆಗೆದುಕೊಟ್ಟಳು. ಅನಸೂಯಾ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಕಡೆಗೆ ಅಜ್ಜಿ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು.

"ನಮ್ಮ ಓಣಿ ಕಾಶವ್ವಗ ಮೊಣಕಾಲ ಭಾಳ ನೋಯ್ತಾವವ್ವಾ. ರಾತ್ರಿಯೆಲ್ಲ ಅಳತಾಳ. ಆಕಿ ತಾನಾಗಿ ಹೇಳಾಂಗಿಲ್ಲ. ನೀನರ ಏನಾರ ಮಾಡು."

ಕಾಶವ್ವ ನಮ್ಮ ಪಕ್ಕದ ಮನೆಯವಳು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದ್ದು ಅಲ್ಲಿ ನಡೆಯುವುದಿಲ್ಲ. ಅಜ್ಜಿಗೆ ಅದು ತಿಳಿದೇ ಇದೆ. ಆದರೂ ಕಾಶವ್ವನ ನೋವನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಊರುತ್ತಾಳೆಂಬುದನ್ನೂ ಬಿಡಲಿಲ್ಲ. ಆಮೇಲೆ ಬಿಸಿಗಾಳಿ ಬೀಸುವ ಮೊದಲು ಮನೆ ಸೇರಬೇಕೆಂದು ಎದ್ದುಬಿಟ್ಟಳು. ಅನಸೂಯಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ದಾರಿಯಲ್ಲಿ ನನಗೆ ಕೂಗಬೇಕೆನಿಸಿತು. ಕೂಗಿದರೆ ಬಳೆಗೆ ಕೇಳುತ್ತದೆ. ಅವಳನ್ನು ಬಿಟ್ಟು ಮುಂದೆ ಮುಂದೆ ನಡೆದೆ. ಹಿಂದಿನಿಂದ ಅವಳು, ಮುಂದಿನ ವರ್ಷ ಮತ್ತೆ ಕೇಳಲು ಬರುತ್ತಾರಲ್ಲ, ಆಗ ಹೇಳಿದರಾಯಿತು ಎಂದಳು. ಆಮೇಲೆ ನಿನ್ನ ಕಥೆ ತೆಗೆದಳು.

"ನಮ್ಮ ಫಕೀರವ್ವ ಸಾಯೂ ಮಟ ತನಗಂತ ಒಂದ್ ತಂಬಿಗಿ ನೀರ್ ಸೈತ ಕೇಳಲಿಲ್ಲಂತ. ಅಂಥಾಕಿ ವಂಶ ನಮ್ದು."

ನಿನ್ನ ಕಥೆಯನ್ನು ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ನಿನ್ನ ಎದೆಯಲ್ಲಿ ಗಂಟು ಎದ್ದಿತ್ತು. ಕುಪ್ಪಸಕ್ಕೆ ರಸಿಗೆ ಹತ್ತುವವರೆಗೆ ನೀನು ಯಾರಿಗೂ ತಿಳಿಯಗೊಡಲಿಲ್ಲ. ಮಗಳ ಮದುವೆ ಮುಗಿಯಲಿ ಎಂದೆ, ಆಮೇಲೆ ಬಾಣಂತನ ಮುಗಿಯಲಿ ಎಂದೆ. ಯಾರು ಕೇಳಿದರೂ "ಏನಿಲ್ಲ ಬಿಡು" ಎಂದೆ. ಇದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಹೇಳುವಾಗ ಕಣ್ಣು ಒರೆಸಿಕೊಳ್ಳುತ್ತಾರೆ. ಎಳೆಯ ಹುಡುಗಿಯರನ್ನು ಹತ್ತಿರ ಕೂರಿಸಿಕೊಂಡು ಹೇಳುತ್ತಾರೆ. ನನಗೂ ಹಾಗೆಯೇ ಹೇಳಿದರು.

ಈ ಕಾಗದ ಮುಟ್ಟುವ ಹೊತ್ತಿಗೆ ನಿನಗೆ ಐವತ್ತರ ಹತ್ತಿರ ಇರಬಹುದು. ಮೀಯುವಾಗ ಆ ಗಂಟು ಕೈಗೆ ಸಿಕ್ಕಿರಲೂಬಹುದು. ಒಬ್ಬರ ಸಾವನ್ನು ಅವರಿಗೇ ಹೀಗೆ ಬರೆದು ತಿಳಿಸುವುದು ಒರಟುತನ, ನನಗೆ ಗೊತ್ತು. ಮೆಲ್ಲಗೆ ಹೇಳುವವರು ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಮೀರಿಹೋಗುವುದನ್ನು ಇಲ್ಲಿ ನೋಡುತ್ತಿದ್ದೇನೆ, ಅದಕ್ಕೇ ನೇರವಾಗಿ ಬರೆದೆ.

ಫಕೀರವ್ವ, ಆ ಕಥೆಯನ್ನು ಕೆಡಿಸು. ಇಂದೇ, ಮಗಳು ಒಲೆಯ ಹತ್ತಿರ ಇರುವಾಗ, ಅವಳಿಗೆ ಕೇಳಿಸುವ ಹಾಗೆ, ನೋಯುತ್ತದೆ, ದವಾಖಾನೆಗೆ ಕರೆದುಕೊಂಡು ಹೋಗಿರಿ ಎಂದು ಹೇಳು. ಯಾರಾದರೂ ಕೇಳಲಿ ಎಂದು ಕಾಯಬೇಡ. ಮದುವೆ ಮುಂದಕ್ಕೆ ಹೋಗಲಿ. ಜನ ನಿನ್ನನ್ನು ತನ್ನದನ್ನೇ ನೋಡಿಕೊಳ್ಳುವವಳು ಎನ್ನಲಿ. ಫಕೀರವ್ವ ಭಾಳ ಗದ್ದಲ ಮಾಡುತ್ತಿದ್ದಳಂತೆ, ಮೈ ಬಿಸಿಯಾದರೂ ಊರಿಗೆಲ್ಲ ಹೇಳುತ್ತಿದ್ದಳಂತೆ ಎಂದು ನಿನ್ನ ಮೊಮ್ಮಕ್ಕಳು ನಗಲಿ. ಆ ನಗೆ ಒಬ್ಬರಿಂದ ಒಬ್ಬರಿಗೆ ದಾಟಿ ಹಾಲವ್ವನವರೆಗೆ ಬಂದರೆ ಸಾಕು. ಅವಳೂ ನಕ್ಕು, ನಾಚಿಕೆ ಬಿಟ್ಟು, ಆ ಒಂದು ಮಾತು ಆಡಿಯಾಳು.

ಇಷ್ಟು ಬರೆದರೂ ನನಗೆ ನಂಬಿಕೆಯಿಲ್ಲ. ಕಾಗದ ಮುಟ್ಟಿದ್ದರೆ ಅಜ್ಜಿಯ ಬಾಯಲ್ಲಿ ನಿನ್ನ ಕಥೆ ಆಗಲೇ ಬದಲಾಗಿರಬೇಕಿತ್ತಲ್ಲವೇ? ಇವತ್ತು ಬೆಳಿಗ್ಗೆಯೂ ಅದನ್ನೇ ಹೇಳಿದಳು, ಒಂದು ಮಾತೂ ಬದಲಾಗಿರಲಿಲ್ಲ. ಕಾಗದವನ್ನು ಅಂಚೆಗೆ ಹಾಕುವ ಮೊದಲು ಬದಲಾಗುವುದಿಲ್ಲವೇನೋ. ಇಂಥದ್ದನ್ನು ಶಾಲೆಯಲ್ಲಿ ಮುಂದೆ ಕಲಿಸುತ್ತಿದ್ದರೇನೋ, ನಾನು ಅಷ್ಟು ದಿನ ಕೂರಲಿಲ್ಲ.

ಒಳಗಿನಿಂದ ಅಜ್ಜಿ ಊಟಕ್ಕೆ ಕರೆಯುತ್ತಿದ್ದಾಳೆ. ನಿನ್ನದು ಆಯಿತೇ ಎಂದು ನಾನು ಕೇಳಿದರೆ ಆಯಿತು ಎನ್ನುತ್ತಾಳೆ. ಆಗಿರುವುದಿಲ್ಲ.

ನಿನ್ನ ಕುಡಿ,
ಗಿರಿಜೆ