ಗಿರಿಧರನ ಪಟ್ಟಿಗಳು, ನನ್ನ ಬಲಗಣ್ಣು

ಜನವರಿ 8
ಇವತ್ತೂ ಹನ್ನೊಂದು ತಾಮ್ರದ ಪಟ್ಟಿ ರಿಜೆಕ್ಟ್. ಎಲ್ಲವೂ ಗಿರಿಧರನ ಮಷಿನ್ನಿನವು. ಎಡಗಣ್ಣು ಮುಚ್ಚಿ, ಅಂಚಿಗೆ ಬಲಗಣ್ಣಿಟ್ಟು ನೋಡಿದರೆ ನಡುವೆ ಡೊಂಕು. ಈ ಮಕರಪುರದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್‌ಸ್ಪೆಕ್ಷನ್ ಮಾಡಿದ ಕಣ್ಣು — ಅಳತೆಯ ಗೇಜ್ ಯಾರಿಗೆ ಬೇಕು? ಅವನಿಗೆ ಎರಡನೇ ಮೆಮೋ ಕೊಡಿಸಿದೆ. ಮೂರಾದರೆ ಮನೆಗೆ.

ಜನವರಿ 10, ಸಂಜೆ
ಗಿರಿಧರ ನನ್ನ ಟೇಬಲ್ಲಿಗೇ ಬಂದ. ಜಗಳಕ್ಕೆ ಅಂದುಕೊಂಡೆ. ಒಂದು ಪಟ್ಟಿಯನ್ನು ಸಮತಟ್ಟು ಕಲ್ಲಿನ ಮೇಲಿಟ್ಟ. ಅಡಿಯಲ್ಲಿ ಕಾಗದವೂ ತೂರಲಿಲ್ಲ.

"ಸಾಹೇಬ್, ದೂಸ್ರೀ ಆಂಖ್ ಸೇ ದೇಖೋ."

ಎಡಗಣ್ಣಿನಲ್ಲಿ ನೋಡಿದೆ. ನೆಟ್ಟಗಿದೆ. ಬಲಗಣ್ಣಿನಲ್ಲಿ — ಡೊಂಕು. ಕಿಟಕಿಯ ಸರಳೂ ಡೊಂಕು! ಅವನ ಅಪ್ಪನಿಗೆ ಹೀಗೇ ಶುರುವಾಗಿ, ತಡಮಾಡಿ ಒಂದು ಕಣ್ಣೇ ಹೋಯಿತಂತೆ. ನಾಳೆಯೇ ಹೋಗಿ ಅಂತ ಹಟ ಹಿಡಿದ.

ಜನವರಿ 11
ಅಲ್ಕಾಪುರಿಯ ಕಣ್ಣಿನ ಆಸ್ಪತ್ರೆ. ಮೊದಲು ಓಸಿಟಿ — ಗಲ್ಲ ಊರಿ ಕೂತರೆ ಬೆಳಕಿನಿಂದಲೇ ಕಣ್ಣಿನ ಪದರಗಳ ಚಿತ್ರ. ರೆಟಿನಾದ ಅಡಿಯಲ್ಲಿ ನೀರು. ಆಮೇಲೆ ತೋಳಿನ ನರಕ್ಕೆ ಹಳದಿ ಡೈ ಚುಚ್ಚಿ, ಕ್ಯಾಮೆರಾದ ಫ್ಲ್ಯಾಶ್ ಮೇಲೆ ಫ್ಲ್ಯಾಶ್. ಸೋರುವುದು ಕಂಡಿತು, ಎಲ್ಲಿಂದ ಅಂತ ಕಾಣಲಿಲ್ಲ. ಡಾಕ್ಟರ್ ಅನುರಾಧಾ ಅಷ್ಟಕ್ಕೆ ಬಿಡಲಿಲ್ಲ. ಹಸಿರು ಡೈ ಹಾಕಿಸಿದರು. ಅದು ರೆಟಿನಾದ ಹಿಂದಿನ ರಕ್ತನಾಳಗಳನ್ನೂ ತೋರಿಸುತ್ತದೆ. ಪರದೆಯಲ್ಲಿ ಸಾಸಿವೆ ಕಾಳಿನಂಥ ಮೂರು ಉಬ್ಬು. ಕಳ್ಳರು ಸಿಕ್ಕಿಬಿದ್ದರು.

ಮೈಯೆಲ್ಲ ಹಳದಿ. ಪಾರ್ವತಿ, "ಅರಿಷಿಣ ಹಚ್ಚಿದ ಮದುಮಗನ ಹಂಗ ಕಾಣಾಕತ್ತೀರಿ ನೋಡ್ರಿ" ಅಂದಳು. ನಕ್ಕು, ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಈ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ.

ಜನವರಿ 13
ಕಣ್ಣಿನೊಳಗೇ ಇಂಜೆಕ್ಷನ್. ಹೆದರಿದಷ್ಟು ನೋಯಲಿಲ್ಲ.

ಫೆಬ್ರವರಿ 12
ಮತ್ತೆ ಸ್ಕ್ಯಾನ್. ನೀರು ಅರ್ಧಕ್ಕರ್ಧ ಇಳಿದಿದೆ! "ಹನುಮಂತಜೀ, ಸರಿಯಾದ ಟೈಮಿಗೆ ಬಂದ್ರಿ" ಅಂದರು ಡಾಕ್ಟರ್. ಅವರಿಗೆ, ಆ ಕ್ಯಾಮೆರಾಕ್ಕೆ, ಅದನ್ನು ಕಂಡುಹಿಡಿದ ಯಾರಿಗೋ — ಮನಸ್ಸಿನಲ್ಲೇ ಕೈಮುಗಿದೆ.

ಆದರೆ ಗಿರಿಧರನ ಮೆಮೋ ಇನ್ನೂ ಫೈಲಿನಲ್ಲಿದೆ. ಕಣ್ಣಿನ ವಿಷಯ ಆಫೀಸಿನಲ್ಲಿ ಹೇಳಿಲ್ಲ. ಹೇಳಿದರೆ ಇನ್‌ಸ್ಪೆಕ್ಷನ್ ಕೈತಪ್ಪುತ್ತದೆ. ರಿಟೈರಾಗಲು ಒಂದೂವರೆ ವರ್ಷ… ಅವನೂ ಯಾರಿಗೂ ಹೇಳಿಲ್ಲ. ನಾಚಿಕೆಯಾಗುತ್ತದೆ.

ಫೆಬ್ರವರಿ 13, ಬೆಳಿಗ್ಗೆ
ಪಾರ್ವತಿ ಚಹಾ ಕೊಡುತ್ತ ನೇರವಾಗಿ ಕೇಳಿಬಿಟ್ಟಳು: "ಅವಾ ನಿಮ್ಮ ಕಣ್ಣ ಉಳಿಸ್ಯಾನ. ನೀವು ಅವನ ನೌಕರಿ ಕಳೀತೀರೇನು?"
ಚಹಾ ಬದಿಗಿಟ್ಟು ಹಾಳೆ, ಪೆನ್ನು ತೆಗೆದುಕೊಂಡೆ.

ಅದೇ ದಿನ, ಸಂಜೆ
ಮ್ಯಾನೇಜರಿಗೆ ಲೆಟರ್ ಕೊಟ್ಟೆ. ಪಟ್ಟಿಗಳಲ್ಲಿ ದೋಷವಿರಲಿಲ್ಲ, ನನ್ನ ಕಣ್ಣಿನಲ್ಲಿತ್ತು ಅಂತ. ಸ್ಕ್ಯಾನಿನ ಪ್ರಿಂಟ್ ಜೊತೆಗಿಟ್ಟೆ. ಗಿರಿಧರನ ಎರಡೂ ಮೆಮೋ ವಾಪಸ್. ನಾನು ಸೋಮವಾರದಿಂದ ಸ್ಟೋರ್ಸಿಗೆ. ಬೇಜಾರಾಗಬೇಕಿತ್ತು. ಆಗಲಿಲ್ಲ.

ಫೆಬ್ರವರಿ 16
ಎರಡನೇ ಇಂಜೆಕ್ಷನ್ ಇವತ್ತು. ಪಾರ್ವತಿಗೆ ಜ್ವರ. ಅದು ಹೇಗೆ ಗೊತ್ತಾಯಿತೋ, ತಾನೇ ಕರೆದುಕೊಂಡು ಹೋಗುತ್ತೇನೆ ಅಂತ ಗಿರಿಧರ ಫೋನ್ ಮಾಡಿದ. ರಜೆ ಹಾಕಿದ್ದಾನಂತೆ. ಲೆಟರಿನಲ್ಲಿ ಮ್ಯಾನೇಜರಿಗೆ ಕ್ಷಮೆ ಕೇಳಿದ್ದೇನೆ. ಗಿರಿಧರನಿಗೆ ಕ್ಷಮೆಯ ಒಂದು ಮಾತೂ ಇನ್ನೂ ಹೇಳಿಲ್ಲ. ಕೆಳಗೆ ಸ್ಕೂಟರಿನ ಹಾರ್ನ್. ಇವತ್ತು ಅವನ ಹಿಂದೆ ಕೂತು, ಹೆಗಲ ಮೇಲೆ ಕೈಯಿಟ್ಟು, ಆ ಮಾತು ಹೇಳಿಯೇಬಿಡುತ್ತೇನೆ.