ಕಿಟಕಿಯ ಸಂದಿನ ಹಳೇ ಸೀರೆ

ಬಾದಾಮಿ, ೧೨ ಡಿಸೆಂಬರ್, ಗುರುವಾರ

ಇವತ್ತೂ ತಲೆ ಭಾರ, ಮಧ್ಯಾಹ್ನ ವಾಂತಿ ಬೇರೆ. ಅವ್ವ ಅದು ಥಂಡಿಯೇ ಎಂದು ನನ್ನ ಹೊರಸಿನ ಕೆಳಗಿನ ಅಗ್ಗಿಷ್ಟಿಕೆಗೆ ಇನ್ನೊಂದು ಹಿಡಿ ಇದ್ದಿಲು ಹಾಕಿದಳು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದಾಳೆ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಏಕೆ ಉರಿಸಬಾರದು? ಒಂಬತ್ತನೆಯ ತರಗತಿಗೆ ಪ್ರತಿವರ್ಷ ನಾನೇ ಕೇಳುವ ಪ್ರಶ್ನೆ. ಉತ್ತರ ಬರೆಯದವರಿಗೆ ಬೈದಿದ್ದೇನೆ. ಸಂಜೆ ಅದನ್ನೇ ಅವ್ವನಿಗೆ ಹೇಳಿದೆ.

"ನೀ ಹುಟ್ಟಿದಾಗ ನಾನೂ ಹಿಂಗ ಕಾಸ್ಕೊಂಡೇನಿ. ಇಬ್ಬರೂ ಸತ್ತೇವೇನು?" ಎಂದಳು.

ಇದ್ದಿಲಿನ ಅನಿಲ ವಿಷ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹದಿನಾಲ್ಕು ದಿನದಿಂದ ನನಗಾಗಿ ನಿದ್ದೆಗೆಟ್ಟವಳು.

ಕೂಸು ಇವತ್ತು ಹಾಲಿಗೂ ತಾನಾಗಿ ಏಳಲಿಲ್ಲ, ನಾನೇ ಎಬ್ಬಿಸಿದೆ. "ಶಾಣ್ಯಾ ಅದ ಕೂಸು, ಬೆಚ್ಚಗ ಮಲಗೇದ" ಎನ್ನುತ್ತಾಳೆ ಅವ್ವ. ಅದು ನಿದ್ದೆಯೋ, ಮಂಪರೋ?

ಅವ್ವನಿಗೆ ಈಗಷ್ಟೇ ನಿದ್ದೆ ಹತ್ತಿತು. ಅಗ್ಗಿಷ್ಟಿಕೆ ಎತ್ತುವ ತ್ರಾಣ ನನಗಿಲ್ಲ. ಎದ್ದು ಸೀರೆಯನ್ನಷ್ಟೇ ಕಿತ್ತೆ. ತಣ್ಣನೆಯ ಗಾಳಿ ಒಳಗೆ ನುಗ್ಗಿತು, ಎಷ್ಟು ಹಿತವಾಗಿತ್ತು! ಅಷ್ಟರಲ್ಲಿ ಕೂಸು ಸೀನಿತು. ಮತ್ತೊಮ್ಮೆ ಸೀನಿತು.

ಇಷ್ಟು ವರ್ಷ ವಿಜ್ಞಾನ ಕಲಿಸಿದವಳು ನಾನು. ಸೀರೆ ತೊಡೆಯ ಮೇಲಿದೆ. ಮತ್ತೆ ತುರುಕಿಬಿಡಲೇ ಎಂದು ಯೋಚಿಸುತ್ತಿದ್ದೇನೆ.